ಐದರಲ್ಲಿ ನನಗೆ ಹಿಡಿಸಿದ್ದು

ಬುಧವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನ ಗುಬ್ಬೀ,

ನೀನು ಕಳಿಸಿದ ಐದು ಸಿ.ಡಿ.ಗಳೂ ಒಡೆಯದೆ ಬಂದು ಸೇರಿವೆ. ಐದರಲ್ಲೂ ಒಂದೇ ಸಿಂಫನಿ, ನೂರು ವರ್ಷಕ್ಕೂ ಹಿಂದೆ ಯಾವನೋ ಎದೆ ಬಿಚ್ಚಿ ಬರೆದಿಟ್ಟದ್ದು. ನುಡಿಸಿದವರು ಮಾತ್ರ ಬೇರೆ ಬೇರೆ. ಹೆಸರೆಲ್ಲ ಮುಚ್ಚಿ ಬರೀ ಅಂಕಿ ಹಾಕಿದ್ದೀಯ. ಇವುಗಳಲ್ಲಿ ಒಂದು ನಿಮ್ಮ ವಾದ್ಯವೃಂದದ್ದಂತೆ, ಅದರಲ್ಲಿ ಆ ಹಿತ್ತಾಳೆ ವಾದ್ಯ, ಹಾರ್ನ್, ಊದಿದವಳು ನೀನಂತೆ. ಎಲ್ಲಕ್ಕಿಂತ ಹಿಡಿಸಿದ್ದನ್ನು ನಾನು ಆರಿಸಬೇಕು, ಅದು ನಿನ್ನದಾಗದಿದ್ದರೆ ಸೋಮವಾರ ರಾಜೀನಾಮೆ ಕೊಟ್ಟು ಹಾರ್ನ್ ಮಾರುತ್ತೀಯಂತೆ. ಹೆತ್ತವಳಿಗೆ ಇಂಥ ಪರೀಕ್ಷೆ ಇಡುವವರು ಉಂಟೇನೇ?

ನಿನ್ನ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ತುಂಬಿದ ಸಭೆಯಲ್ಲಿ, ಇದೇ ಸಿಂಫನಿಯ ನಿಧಾನದ ಭಾಗದಲ್ಲಿ ನಿನ್ನ ಹಾರ್ನಿನ ತುತ್ತತುದಿಯ ಸ್ವರ ಒಡೆದು, ಯಾರೋ ಕಿಸಕ್ಕನೆ ನಕ್ಕ ದಿನದಿಂದ ನೀನು ನೀನಾಗಿಲ್ಲ. ನಿಮ್ಮ ಈ ಸಿ.ಡಿ.ಯ ಧ್ವನಿಮುದ್ರಣ ನಡೆದದ್ದೂ ಅದಾದ ಮೇಲೆಯೇ. ಫೋನಿನಲ್ಲಿ ಊಟ ಆಯಿತಾ ಎಂದರೂ ಯೋಚಿಸಿ ಉತ್ತರ ಕೊಡುತ್ತೀಯ.

ಮಷಿನ್ ಓಡುತ್ತಿದ್ದರೆ ಏನೂ ಕೇಳುವುದಿಲ್ಲವೆಂದು ಅದನ್ನು ನಿಲ್ಲಿಸಿ, ಕೋಟುಗಳಿಗೆ ಕೈಯಲ್ಲೇ ಗುಂಡಿಯ ಕಾಜಾ ಹೊಲಿಯುತ್ತ ಕೂತೆ. ಮೊದಲನೆಯವರಿಗೆ ಬಸ್ಸು ತಪ್ಪೀತೆಂಬ ಅವಸರ. ಮೂರನೆಯದರಲ್ಲಿ ಪಿಟೀಲುಗಳದೇ ದರ್ಬಾರು, ಹಾರ್ನ್ ಎಲ್ಲೋ ಹಿತ್ತಲಲ್ಲಿ ನಿಂತು ಕೂಗಿದ ಹಾಗಿತ್ತು. ಐದನೆಯದು ಎಷ್ಟು ನಿಧಾನವೆಂದರೆ, ಬಟ್ಟೆ ಕತ್ತರಿಸುತ್ತಿದ್ದ ನಿನ್ನ ಅಪ್ಪ ಮೇಜಿನ ಮೇಲೆಯೇ ತಲೆಯಿಟ್ಟು ಗೊರಕೆ ಹೊಡೆದರು.

ಉಳಿದದ್ದು ಎರಡು. ನಾಲ್ಕನೆಯದೂ ಚೆನ್ನಾಗಿಯೇ ಇದೆ, ಅದರ ಮಾತು ಈಗ ಬೇಡ. ನನ್ನ ಆಯ್ಕೆ ಎರಡನೆಯದು. ಒಂದು ಸ್ವರವೂ ಅತ್ತಿತ್ತ ಅಲುಗಿಲ್ಲ, ಎಲ್ಲ ಅಚ್ಚುಕಟ್ಟು. ಯಾರ ಮುಲಾಜೂ ಇಲ್ಲದೆ ಹೇಳುತ್ತಿದ್ದೇನೆ, ನಂಬು. ಅದು ಯಾರದ್ದೋ ನನಗೇನು ಗೊತ್ತು. ನಿನ್ನದೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಅಷ್ಟೇ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸೋಮವಾರದ ಒಳಗೆ ಒಂದು ಫೋನ್ ಮಾಡು.

ನಿನ್ನದೇ ಚಿಂತೆಯಲ್ಲಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಪ್ಪನ ಕೈಗೆ ಕೊಟ್ಟೆ. ಓದಿ, ಕನ್ನಡಕ ತೆಗೆದಿಟ್ಟು, "ಇದನ್ನ ಹೀಗೇ ಕಳಿಸಬೇಡ. ಎರಡನೇದು ಅವಳದು ಅಂತ ನಿನಗೆ ಮೊದಲೇ ಗೊತ್ತಿತ್ತು," ಅಂದರು.

ಗೊತ್ತಿತ್ತು ಗುಬ್ಬೀ. ಊದುವ ಮುಂಚೆ ಮೂಗಿನಲ್ಲಿ ಸಣ್ಣಗೆ ಎಳೆದುಕೊಂಡ ಆ ಉಸಿರು, ಚಿಕ್ಕಂದಿನಲ್ಲಿ ನನ್ನ ಮಗ್ಗುಲಲ್ಲಿ ಮಲಗುತ್ತಿದ್ದ ಉಸಿರು. ಅದು ಕೇಳಿಸಿದ ಮೇಲೆ ನಾನು ಹಾಡು ಕೇಳಲೇ ಇಲ್ಲ, ಎಲ್ಲಿ ತಪ್ಪುತ್ತದೋ ಎಂದು ನಿನ್ನ ಜೊತೆ ನಾನೂ ಮುಷ್ಟಿ ಬಿಗಿಹಿಡಿದು ಕೂತಿದ್ದೆ. ತಪ್ಪಲಿಲ್ಲ. ಆದರೆ ಅದರಲ್ಲಿ ಭಯ ಬಿಟ್ಟು ಬೇರೇನೂ ಇರಲಿಲ್ಲ.

ನಿಜವಾಗಿ ಹಿಡಿಸಿದ್ದು ನಾಲ್ಕನೆಯದು. ಅದು ಶುರುವಾದಾಗ ಸೂಜಿ ಕೆಳಗಿಟ್ಟದ್ದೇ ನನಗೆ ತಿಳಿಯಲಿಲ್ಲ. ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದೆ. ಕೊನೆಗೆ ಅಪ್ಪನೇ ತೋರಿಸಿಕೊಟ್ಟರು: ಅದರಲ್ಲೂ ತುತ್ತತುದಿಯ ಸ್ವರ ಒಡೆದಿದೆ, ನಿನ್ನದು ಒಡೆದ ಅದೇ ಜಾಗದಲ್ಲಿ. ಆ ಪುಣ್ಯಾತ್ಮ ನಿಲ್ಲದೆ ಮುಂದೆ ಹೋಗಿದ್ದಾನೆ. ಜೊತೆಯವರೂ ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಹಾರ್ನ್ ಊದುವ ನೀನೇ ಅದನ್ನು ಒಳ್ಳೆಯದೆಂದು ಆರಿಸಿ ನನಗೆ ಕಳಿಸಿದ್ದೀಯ.

ಆ ನಾಲ್ಕನೆಯದನ್ನು ಇನ್ನೊಂದು ಸಲ ಹಾಕಿ ಕೇಳು. ಅಲ್ಲಿಯವರೆಗೆ ಹಾರ್ನ್ ಮಾರಬೇಡ, ಕೈ ಮುಗಿಯುತ್ತೇನೆ.