ಹುರಿದ ಜೋಳದ ಪಕ್ಕ ನನ್ನ ಹಲ್ಲು

ಅವ್ವಾ,

ಮೇಲಿನ ಸಾಲು, ಕೆಳಗಿನ ಸಾಲು, ನೆನೆಸಿಡುವ ಡಬ್ಬಿ, ಉಜ್ಜುವ ಬ್ರಷ್ಷು ಎಲ್ಲ ಸೇರಿ ಸಾವಿರದ ಎಂಟುನೂರು ಬೊಲಿವಿಯಾನೊ ಆಯಿತು. ಎಲ್ ಆಲ್ಟೊ ಸಂತೆಯ ಹಿಂದಿನ ಹಲ್ಲಿನ ಅಂಗಡಿಯಲ್ಲೇ ನನ್ನ ಹಲ್ಲು ಕಟ್ಟಿಸಿದೆ. ನಾವಿಬ್ಬರೂ ಒಮ್ಮೆ ನಿನಗೆ ಹಲ್ಲು ಕಟ್ಟಿಸಲೆಂದು ಹೋಗಿ, ಬೆಲೆ ಕೇಳಿ ಎದ್ದು ಬಂದಿದ್ದೆವಲ್ಲ, ಅದೇ ಅಂಗಡಿ. ಆಗ ಇದರ ಅರ್ಧ ಬೆಲೆಯಿತ್ತು.

ಸತ್ತವರ ಹಬ್ಬ ನಿನ್ನೆ ಇತ್ತು. ತೀರಿಹೋದ ನೀವೆಲ್ಲ ಮನೆಗೆ ಬರುವ ಮಧ್ಯಾಹ್ನದ ಹೊತ್ತಿಗೆ ನಿನ್ನ ಎಡೆಯ ಮೇಜು ಸಿದ್ಧವಾಗಿತ್ತು: ನಿನ್ನ ಮುಖ ಹೊತ್ತ ಬ್ರೆಡ್ಡಿನ ಗೊಂಬೆ, ಕಬ್ಬು, ಒಂದು ಬಟ್ಟಲು ಹುರಿದ ಮೆಕ್ಕೆಜೋಳ. ಕೊನೆಕೊನೆಗೆ ನೀನು ಆ ಜೋಳದ ಉಪ್ಪನ್ನಷ್ಟೇ ಚೀಪಿ, ಕಾಳನ್ನು ಕೋಳಿಗೆ ಹಾಕುತ್ತಿದ್ದೆ. ನಾನು ಹಲ್ಲು ತೆಗೆದೆ. ಚೆನ್ನಾಗಿ ಉಜ್ಜಿ ತೊಳೆದು, ನೀರಿನ ಲೋಟಕ್ಕೆ ಹಾಕಿ ಬಟ್ಟಲಿನ ಪಕ್ಕ ಇಟ್ಟೆ.

ತಂಗಿ ಬೆನಿತಾ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಅಚ್ಚು ತೆಗೆದದ್ದು ನಿನ್ನ ಬಾಯಿದು. ಅವ್ವಂಗೆ ಎಲ್ಲಿ ಹಿಡಿಯುತ್ತೇ ಅದು?"

"ಒಂದು ದಿನ ತಾನೇ, ಸುಧಾರಿಸ್ಕೊತಾಳೆ ಬಿಡು. ಬದುಕಿದ್ದಾಗ ಎಲ್ಲದರಲ್ಲೂ ಸುಧಾರಿಸ್ಕೊಂಡವಳೇ ತಾನೇ?"

ಅವಳು ಮತ್ತೆ ನಗಲಿಲ್ಲ.

ಇಂದು ಮಧ್ಯಾಹ್ನ ನಿನ್ನನ್ನು ಕಳಿಸಿಕೊಟ್ಟೆವು. ಹಲ್ಲಿನ ಅಂಗಡಿಯವನಿಗೆ ದುಡ್ಡು ಸಿಕ್ಕಿತು. ಪ್ರಾರ್ಥನೆಗೆ ಬಂದ ನೆರೆಯವರಿಗೆ ಬ್ರೆಡ್ಡು, ಕಬ್ಬು ಸಿಕ್ಕಿತು. ನನಗೆ ನನ್ನ ಹಲ್ಲು ವಾಪಸು ಬಂತು. ನಿನ್ನ ಜೋಳ ಬಟ್ಟಲಲ್ಲೇ ಇದೆ.