ನೋವಿಲ್ಲದ ಗಂಟು

ನನ್ನ ಹಟಮಾರಿ ಅಮ್ಮನಿಗೆ,

ಈ ಸಲದ ಸಂಕ್ರಾಂತಿಗೆ ಬಿಲ್ಡಿಂಗಿನ ಹೆಂಗಸರ ಅರಿಸಿನ-ಕುಂಕುಮ ನನ್ನ ಮನೆಯಲ್ಲೇ ಆಯಿತು. ನಾಲ್ಕು ಜನರನ್ನು ಕರೆದು ಚಹಾ ಕೊಡಲೂ ನಾನು ಸೋಮಾರಿ ಎನ್ನುತ್ತಿದ್ದೆಯಲ್ಲ, ಈಗೇನು ಹೇಳುತ್ತೀ?

ನೀನು ಕೊನೆಯ ಸಲ ಮಾಡಿದ ಅರಿಸಿನ-ಕುಂಕುಮ ನೆನಪಾಗುತ್ತದೆ. ಬಂದವರಿಗೆಲ್ಲ ಸ್ಟೀಲಿನ ಬಟ್ಟಲು ಕೊಟ್ಟು ಕಳಿಸಿದೆ. ಆಮೇಲೆ ನಾನು ಒಳಗೆ ಬಂದರೆ, ನೀನು ಎದೆಯ ಗಂಟಿಗೆ ಅರಿಸಿನದ ಪಟ್ಟು ಹಾಕಿಕೊಳ್ಳುತ್ತಾ ಕೂತಿದ್ದೆ. ಕೆಳಗಿನ ಮನೆಯ ಸುಶೀಲಕ್ಕ ಹೇಳಿಕೊಟ್ಟ ಮದ್ದು. “ನೋವುಂಟಾ ಅಂತ ಕೇಳು ಮೊದಲು. ನೋವೇ ಇಲ್ಲದ್ದಕ್ಕೆ ಡಾಕ್ಟರ್ ಯಾಕೆ ಮಾರಾಯ್ತಿ?” ಎಂದು ನನ್ನ ಬಾಯಿ ಮುಚ್ಚಿಸಿದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಎಲ್ಲೆಲ್ಲೋ ಹರಡಿತ್ತು. ಸ್ವಲ್ಪ ಮೊದಲೇ ಬಂದಿದ್ದರೆ... ಬಿಡು. ನಿನ್ನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಸ್ನಾನ ಮಾಡುವಾಗ ನನ್ನ ಎದೆಯಲ್ಲೂ ಕಡಲೆಕಾಳಿನಷ್ಟು ಗಟ್ಟಿಯಾದದ್ದು ಕೈಗೆ ತಾಗಿತು. ಒತ್ತಿ ನೋಡಿದೆ, ನೋವಿಲ್ಲ. ನಿನಗೆ ಧೈರ್ಯ ಕೊಟ್ಟದ್ದೇ ನನ್ನನ್ನು ಹೆದರಿಸಿತು. ಅವತ್ತೇ ಚೆಂಬೂರು ಸ್ಟೇಷನ್ ಹತ್ತಿರದ ಡಾಕ್ಟರಮ್ಮನ ಮುಂದೆ ಕೂತೆ. ಮ್ಯಾಮೊಗ್ರಫಿ, ಸೂಜಿ ಹಾಕಿ ಮಾಡುವ ಪರೀಕ್ಷೆ, ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಹೌದಮ್ಮ, ಕ್ಯಾನ್ಸರೇ. ಆದರೆ ಚಿಕ್ಕದಿರುವಾಗಲೇ ಸಿಕ್ಕಿತು. “ಬೇಗ ಬಂದು ಒಳ್ಳೇದು ಮಾಡಿದ್ರಿ” ಎಂದರು ಡಾಕ್ಟರಮ್ಮ. ಈಗ ಚೆನ್ನಾಗಿದ್ದೇನೆ, ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ಜಗಳವನ್ನೂ ಆಡುತ್ತೇನೆ.

ಸಂಕ್ರಾಂತಿಯ ದಿನ ಇದೆಲ್ಲವನ್ನೂ ಹೆಂಗಸರ ಮುಂದೆ ಬಿಚ್ಚಿ ಹೇಳಿದೆ. ಎದೆ ಎಂಬ ಮಾತಿಗೇ ಇಬ್ಬರು ಎಳ್ಳುಂಡೆ ನೋಡುತ್ತಾ ಕೂತರು. ಎಲ್ಲರೂ ಹೋದ ಮೇಲೂ ಸುಶೀಲಕ್ಕ ಎದ್ದಿರಲಿಲ್ಲ. “ನಂಗೂ ಒಂದು ಉಂಟು ಮಗಾ. ಪಟ್ಟು ಹಾಕ್ತಾ ಇದ್ದೇನೆ,” ಎಂದರು. ನೋವುಂಟಾ ಎಂದು ನಾನು ಕೇಳಲಿಲ್ಲ. ಚಪ್ಪಲಿ ಹಾಕಿಕೊಳ್ಳಿ, ಕ್ಲಿನಿಕ್ ಇನ್ನೂ ತೆರೆದಿದೆ ಎಂದೆ.

ನಿನ್ನೆ ರಿಪೋರ್ಟ್ ಬಂತು ಅಮ್ಮ. ಅವರದು ಕ್ಯಾನ್ಸರ್ ಅಲ್ಲ. ರಿಪೋರ್ಟ್ ಹಿಡಿದುಕೊಂಡು ನಿನ್ನ ಫೋಟೊ ಮುಂದೆ ನಿಂತು ಅತ್ತರು. ಮುಂದಿನ ಸಂಕ್ರಾಂತಿ ಅವರ ಮನೆಯಲ್ಲಂತೆ. ಅರಿಸಿನ ಕೆನ್ನೆಗೆ ಮಾತ್ರ ಎಂದು ಬಿಲ್ಡಿಂಗಿಗೆಲ್ಲ ಈಗಲೇ ಹೇಳುತ್ತಾ ತಿರುಗುತ್ತಿದ್ದಾರೆ.

ನಿನ್ನ ಮಗಳು