ಅಮ್ಮಿಯ ಕೆಂಪು ಕೂದಲಿಗೆ ಕಪ್ಪು ಬಳಿದವನಿಗೆ

ಗಂಜಾಂ, ಶ್ರೀರಂಗಪಟ್ಟಣ

ಪುಟ್ಟರಾಜು,

ಹೋದ ತಿಂಗಳು, ಪಾಂಡವಪುರದಲ್ಲಿ ನಿನ್ನ ಹೊಸ ಅಂಗಡಿಯ ಬಾಗಿಲು ತೆರೆದ ಭಾನುವಾರ, ನೀನು ನನ್ನ ತಾಯಿಯ ಕೂದಲಿಗೆ ಕಪ್ಪು ಬಳಿದೆ. ಅವಳನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಅಂಗಡಿಯ ಮೇಲೆ ಎರಡಾಳೆತ್ತರದ ಫ್ಲೆಕ್ಸಿನಲ್ಲಿ, ಎಂಬತ್ತೊಂದು ವರ್ಷದ ಮೆಹಬೂಬ್ ಬೀ ಮುಖದ ಮೇಲೆ ಇಪ್ಪತ್ತರ ಹುಡುಗಿಯ ಕೂದಲು ಕೂರಿಸಿ, ಕೆಳಗೆ ‘ಅಮ್ಮಿ ಕೇಶತೈಲ: ಬಿಳಿ ಕೂದಲು ಹದಿನೈದೇ ದಿನದಲ್ಲಿ ಬುಡದಿಂದ ಕಪ್ಪು, ನಮ್ಮಮ್ಮಿಯ ಮನೆಮದ್ದು’ ಎಂದು ಬರೆಸಿದೆ. ಅದೇ ಚಿತ್ರವನ್ನು ಸಣ್ಣದು ಮಾಡಿ ಸೀಸೆಗಳಿಗೆ ಅಂಟಿಸಿ ಕೆ.ಆರ್. ಪೇಟೆ, ನಾಗಮಂಗಲದ ಅಂಗಡಿಗಳಿಗೆಲ್ಲ ಕಳಿಸಿದೆ.

‘ಪ್ರೀತಿಯ’ ಎಂದು ಬರೆಯಲು ಕೈ ತಾನಾಗಿಯೇ ಹೋಯಿತು. ತಡೆದುಕೊಂಡೆ. ಆರನೇ ಕ್ಲಾಸಿನಿಂದ ಗೊತ್ತಿರುವ ಹೆಸರನ್ನು ಬರಿಯ ಹೆಸರಾಗಿ ಬರೆಯುವುದು ಎಷ್ಟು ಕಷ್ಟವೆಂದು ಈಗ ತಿಳಿಯಿತು. ಈ ಕಾಗದದ ಒಂದು ಪ್ರತಿಯನ್ನು ಮಂಡ್ಯದ ಪತ್ರಿಕೆಗೂ ಕಳಿಸುತ್ತಿದ್ದೇನೆ. ‘ಅಲ್ಮಾಸು ಕಾಗ್ದ ಬರುದ್ರೆ ಚರಂಡೀನೂ ಎದ್ರುಕೊಂಡು ಹರೀತದೆ ಕಣ್ರಪ್ಪಾ’ ಎಂದು ನನ್ನ ದೂರಿನ ಕಾಗದಗಳನ್ನು ಆಡಿಕೊಂಡು ಊರ ತುಂಬ ನಗಿಸುತ್ತಿದ್ದವನು ನೀನೇ. ಈ ಸಲ ಚರಂಡಿಯ ವಿಷಯವಲ್ಲ.

ನಿನಗೆ ಮರೆತಿರಬಹುದು. ನನಗೆ ಮರೆವು ಕಡಿಮೆ. ಬಾಬುರಾಯನಕೊಪ್ಪಲಿನಿಂದ ನಡೆದು ಬರುತ್ತಿದ್ದ ನಿನಗೆ ಹನ್ನೆರಡನೇ ವಯಸ್ಸಿಗೇ ಬಾಲನೆರೆ. ಕಿವಿಯ ಮೇಲೆ, ನೆತ್ತಿಯ ಮೇಲೆ, ಬೂದಿ ಉದುರಿದ ಹಾಗೆ. ಕ್ಲಾಸಿನಲ್ಲಿ ನಿನ್ನ ಹೆಸರು ‘ತಾತ’. ಯಾರೋ ನಿನ್ನ ಮೇಜಿನ ಮೇಲೆ ಊರುಗೋಲು ತಂದಿಟ್ಟಿದ್ದರು. ಆ ಕಾಲದಲ್ಲಿ ಕಪ್ಪು ಹಲಗೆಗೆ ಬಳಿಯಲು ನಾವು ಟಾರ್ಚಿನ ಸತ್ತ ಶೆಲ್ಲು ಒಡೆದು, ಒಳಗಿನ ಕಪ್ಪನ್ನು ಸೊಪ್ಪಿನ ರಸದ ಜೊತೆ ಅರೆಯುತ್ತಿದ್ದೆವು. ಒಂದು ಮಧ್ಯಾಹ್ನ ನೀನು ಅದನ್ನೇ ಹರಳೆಣ್ಣೆಯಲ್ಲಿ ಕಲಸಿ ತಲೆಗೆ ಮೆತ್ತಿಕೊಂಡೆ. ಬಿಸಿಲಿಗೆ ಬೆವರು ಬಂತು. ಕಪ್ಪು ಹಣೆಯಿಂದ ಇಳಿದು, ಮೂಗಿನ ಮೇಲೆ ಹರಿದು, ಬಿಳಿ ಅಂಗಿಯ ಮೇಲೆಲ್ಲ ಗೀಟು ಎಳೆಯಿತು. ನೀನು ಓಡಿ ಬಂದು ಅವಿತದ್ದು ನಮ್ಮ ಹಿತ್ತಲಿನಲ್ಲಿ.

ಅಮ್ಮಿ ಆಗ ನೆಲ್ಲಿಮರದ ಕೆಳಗೆ ಕಬ್ಬಿಣದ ಬಾಂಡ್ಲಿಯಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ನಿನ್ನನ್ನು ನೋಡಿ ಮೊದಲು ನಕ್ಕಳು. “ಯಾ ಅಲ್ಲಾ! ತಲೇನೇ ಬೋರ್ಡ್ ಮಾಡ್ಕಂಡು ಬಂದವ್ನೆ! ಓಡೋಗ್ಲಾ, ಮೇಷ್ಟ್ರು ನೋಡಿದ್ರೆ ನಿನ್ ನೆತ್ತಿ ಮ್ಯಾಲೆ ಲೆಕ್ಕ ಬರ್ದಾರು!” ಆಮೇಲೆ ಬಚ್ಚಲಿಗೆ ಎಳೆದುಕೊಂಡು ಹೋಗಿ ಸೀಗೆಪುಡಿ ಹಾಕಿ ತಿಕ್ಕಿದಳು, ಅಂಟುವಾಳದ ನೀರು ಹಾಕಿ ತಿಕ್ಕಿದಳು. ನೀನು ಕಣ್ಣುರಿ ಎಂದು ಅರಚಿದೆ. ತಲೆ ಒರೆಸುತ್ತ ಅವಳು ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ, ಊರೆಲ್ಲ ಓದಲಿ:

“ಬಂದಿರೋ ಬಿಳೀದು ವಾಪಸ್ ಹೋಗಾಕಿಲ್ಲ ಕಣ್ಲಾ ಬೇಟಾ. ಹೋಯ್ತದೆ ಅಂತ ಯಾವನಾದ್ರೂ ಅಂದ್ರೆ ಅವ್ನು ಸುಳ್ಳ. ಈ ಎಣ್ಣೆ ತಲೆಗೆ ತಂಪು, ಕೂದ್ಲು ಒರಟಾಗದಂಗೆ ನೋಡ್ಕತದೆ, ಅಷ್ಟೆಯಾ. ಬಣ್ಣ ಬೇಕು ಅಂದ್ರೆ ಮೆಹಂದಿ ಹಾಕ್ತೀನಿ. ಆದ್ರೆ ಕೆಂಪಾಯ್ತದೆ, ಕಪ್ಪಾಗಾಕಿಲ್ಲ. ಆಗ್ಬೋದಾ?”

“ಕೆಂಪಾದ್ರೆ ಇನ್ನೂ ಆಡ್ಕತಾರೆ ಅಮ್ಮಿ,” ಎಂದು ನೀನು ಅತ್ತೆ.

“ಅಂಗಾರೆ ನಾನೂ ಹಾಕ್ಕತೀನಿ. ಆಡ್ಕಂಡ್ರೆ ಇಬ್ರುನೂ ಸೇರ್ಸಿ ಆಡ್ಕಳ್ಳಿ ಬುಡು.”

ಆಗ ಅವಳಿಗೆ ಮೂವತ್ತಾರು ವರ್ಷ. ಮುಂದಲೆಯಲ್ಲಿ ಒಂದು ಹಿಡಿ ಬಿಳಿ ಕೂದಲು, ಅದನ್ನು ಸೆರಗಿನಡಿ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಅವತ್ತು ಚಹಾದ ಡಿಕಾಕ್ಷನ್ನಿನಲ್ಲಿ ಮದರಂಗಿ ಕಲಸಿ ನಿನ್ನ ತಲೆಗೂ ತನ್ನ ತಲೆಗೂ ಹಚ್ಚಿದಳು. ಮರುದಿನ ಬೆಳಿಗ್ಗೆ ನಿನ್ನ ಕೈ ಹಿಡಿದುಕೊಂಡು ಶಾಲೆಯ ಬಾಗಿಲವರೆಗೂ ಬಂದಳು, ಮುಂದಲೆಯ ಕೆಂಪು ಎಲ್ಲರಿಗೂ ಕಾಣುವ ಹಾಗೆ ಸೆರಗನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡು. ಹುಡುಗರು ‘ತಾತ’ ಎಂದು ಶುರು ಮಾಡುವ ಮೊದಲೇ ಅವಳೇ ಕೂಗಿದಳು: “ತಾತ ಅಲ್ಲ ಕಣ್ರೋ, ಉಂಜ! ಜುಟ್ಟು ನೋಡ್ರೋ!” ಇಡೀ ಶಾಲೆ ನಕ್ಕಿತು. ನೀನೂ ನಕ್ಕೆ. ವಾರ ಕಳೆಯುವಷ್ಟರಲ್ಲಿ ಬಿಳಿ ಕೂದಲೇ ಇಲ್ಲದ ಹುಡುಗರು ನಮಗೂ ಜುಟ್ಟು ಕೆಂಪು ಮಾಡಿ ಎಂದು ನಮ್ಮ ಹಿತ್ತಲಿನಲ್ಲಿ ಸಾಲು ನಿಂತರು.

ಅಂದಿನಿಂದ ಇಂದಿನವರೆಗೆ ಅಮ್ಮಿಯ ತಲೆ ಕೆಂಪು. ವಯಸ್ಸು ಮುಚ್ಚಿಡುವ ಕಪ್ಪು ಬಣ್ಣ ಹಚ್ಚಬೇಡಿ ಎಂಬುದು ನಮ್ಮ ಮನೆಯಲ್ಲಿ ಹಿರಿಯರಿಂದ ಬಂದ ನಡವಳಿಕೆ. ಅದಕ್ಕಿಂತ ಹೆಚ್ಚಾಗಿ, ಅದು ಅವಳಿಗೆ ಶೋಕಿ. ಹೌದು, ಶೋಕಿ. ನನ್ನ ತಾಯಿ ವಿನಯವಂತೆಯಲ್ಲ. ಹಬ್ಬಕ್ಕೆ ಹೊಸದಾಗಿ ಮದರಂಗಿ ಹಾಕಿಕೊಂಡರೆ ಬಿಸಿಲಿರುವ ಕಡೆಯೇ ಹೋಗಿ ಕೂರುತ್ತಾಳೆ, ಹೊಳೆಯಲಿ ಅಂತ.

ಎಣ್ಣೆಯ ಕತೆಯಲ್ಲಿ ನಿಮ್ಮವ್ವನೂ ಇದ್ದಳು ಎಂಬುದನ್ನು ನಿನ್ನ ಫ್ಲೆಕ್ಸು ಹೇಳುವುದಿಲ್ಲ. ಮಗನ ತಲೆ ತೊಳೆದವಳನ್ನು ನೋಡಲು ಚಿಕ್ಕಬೋರಮ್ಮ ಬಂದದ್ದು ಬರಿಗೈಲಲ್ಲ, ನಾಲೆ ಏರಿಯ ಮೇಲೆ ಬೆಳೆದ ಗರುಗದ, ಅಂದರೆ ಭೃಂಗರಾಜದ, ಸೊಪ್ಪನ್ನು ಮಡಿಲ ತುಂಬ ಕಿತ್ತುಕೊಂಡು. ಆಮೇಲೆ ಪ್ರತಿ ಸಲವೂ ಸೊಪ್ಪು ಅವಳದು, ಬಾಂಡ್ಲಿ ಅಮ್ಮಿಯದು. ಗರುಗದ ರಸ, ಕರಿಬೇವು, ದಾಸವಾಳದ ಎಲೆ, ನೆಲ್ಲಿಕಾಯಿ, ಒಂದು ಹಿಡಿ ಮೆಂತ್ಯ. ಕೊಬ್ಬರಿ ಎಣ್ಣೆಯ ಚಟಪಟ ನಿಲ್ಲುವವರೆಗೆ ಸಣ್ಣ ಉರಿ. ಇದರಲ್ಲಿ ಗುಟ್ಟೇನೂ ಇರಲಿಲ್ಲ, ಕೇಳಿದವರಿಗೆಲ್ಲ ಹೇಳುತ್ತಿದ್ದರು. ನಿಮ್ಮವ್ವ ಮಾತ್ರ ಸಾಯುವವರೆಗೂ ಮದರಂಗಿ ಹಚ್ಚಲಿಲ್ಲ. “ನಂಗ್ಯಾಕವ್ವಾ ಬಣ್ಣ, ನಮ್ಮೆಮ್ಮೆಗೆ ಗುರ್ತು ಸಿಕ್ದೆ ಒದ್ಬುಟ್ರೆ?” ಎಂದು ಬಿಳಿ ತಲೆಯನ್ನೇ ಆಡಿಸಿ ನಗುತ್ತಿದ್ದಳು.

ಕಿಕ್ಕೇರಿಯಿಂದ, ನಾಗಮಂಗಲದಿಂದ ಜನ ಬಸ್ಸು ಹತ್ತಿ ಬರುತ್ತಿದ್ದದ್ದು ಆ ಎಣ್ಣೆಗೆ ಎಂದು ನೀನು ತಿಳಿದಿದ್ದೀಯ. ಅಲ್ಲ. ಅವರು ಬರುತ್ತಿದ್ದದ್ದು ಅಮ್ಮಿಯ ಮಾತಿಗೆ. ಒಮ್ಮೆ ನಾಗಮಂಗಲದಿಂದ ಕಾರಿನಲ್ಲಿ ಒಬ್ಬ ಶ್ರೀಮಂತರ ಮನೆಯಾಕೆ ಬಂದಳು. ಕಪ್ಪಾಗುತ್ತದೆ ಎಂದು ಒಂದು ಮಾತು ಹೇಳಿ, ಇದ್ದಷ್ಟೂ ಎಣ್ಣೆ ತೆಗೆದುಕೊಳ್ಳುತ್ತೇನೆ ಎಂದಳು. ಅಮ್ಮಿ ಬಾಂಡ್ಲಿಗೆ ಮುಚ್ಚಳ ಹಾಕಿಬಿಟ್ಟಳು. “ಕಪ್ಪೇ ಬೇಕಾದ್ರೆ ಅಂಗ್ಡೀಲಿ ಬಣ್ಣದ ಡಬ್ಬಿ ಸಿಕ್ತದೆ ತಾಯಿ. ಮೊದ್ಲು ಕಿವಿ ಹಿಂದೆ ಒಂಚೂರು ಹಚ್ಚಿ ನೋಡಿ, ಆಮೇಲೆ ಹಾಕ್ಕಳಿ. ಅದೇನು ತಪ್ಪಲ್ಲ. ನನ್ನೆಣ್ಣೆ ಬಾಯಲ್ಲಿ ಮಾತ್ರ ಸುಳ್ಳು ಏಳುಸ್ಬೇಡಿ.” ಆ ಹೆಂಗಸು ಮುನಿಸಿಕೊಂಡು ಹೋದಳು. ಮುಂದಿನ ತಿಂಗಳು ಮತ್ತೆ ಬಂದಳು, ಈ ಸಲ ಏನೂ ಕೇಳದೆ ಎಣ್ಣೆ ಒಯ್ದಳು.

ಇಂಥವಳ ಮುಖ ತೋರಿಸಿ ನೀನು ಏನು ಮಾರಿದೆ ಎಂಬುದು ನಮಗೆ ಗೊತ್ತಾದದ್ದು ಅರಕೆರೆಯ ಸೋಮಮ್ಮನಿಂದ. ಕಳೆದ ವಾರದ ಹಿಂದಿನ ವಾರ, ಬುಧವಾರ, ನಮ್ಮ ಬಾಗಿಲಲ್ಲಿ ನಿಂತಿದ್ದಳು. ಹಣೆ ಊದಿತ್ತು, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಕಿವಿಯ ಹಿಂದೆ ನೀರು ಒಸರುತ್ತಿತ್ತು. ಕೈಯಲ್ಲಿ ನಿನ್ನ ಸೀಸೆ. “ಮಗನ್ ಮದುವೆ ಐತೆ ಅಂತ ಹಚ್ಕಂಡೆ ಕಣಮ್ಮೀ. ನಿಮ್ ಫೋಟ ನೋಡ್ಬುಟ್ಟೇ ತಗಂಡಿದ್ದು. ನಮ್ಮತ್ತೆ ಕಾಲ್ದಿಂದ್ಲೂ ನಿಮ್ಮೆಣ್ಣೆ ಅಂದ್ರೆ ನಂಬ್ಕೆ. ಏನ್ ಆಕ್ಬುಟ್ರಿ ಇದ್ಕೆ?”

ಅಮ್ಮಿ ಸೀಸೆ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೇಲಿನ ಚಿತ್ರ ಯಾವುದೆಂದು ನನಗೆ ಕೂಡಲೇ ತಿಳಿಯಿತು. ಕೆ.ಆರ್. ಪೇಟೆಯ ಛತ್ರದಲ್ಲಿ ನಿನ್ನ ಮಗಳು ಅರ್ಪಿತಳ ಮದುವೆಯ ದಿನ, ‘ನನ್ನ ಎರಡನೇ ತಾಯಿ’ ಎಂದು ಎಲ್ಲರಿಗೂ ಹೇಳಿ, ಪಕ್ಕದಲ್ಲಿ ಕೂರಿಸಿಕೊಂಡು ನೀನು ತೆಗೆಸಿದ ಫೋಟೋ. ಆ ಮದುವೆಗೆಂದೇ ಹಿಂದಿನ ದಿನ ಅವಳು ಮದರಂಗಿ ಹಾಕಿಕೊಂಡಿದ್ದಳು. “ಇದ್ಯಾರೇ ಅಲ್ಮಾಸ್, ನನ್ ಮೂಗು ಇಕ್ಕಂಡಿರೋ ಹುಡುಗಿ?” ಎಂದಳು. ಆಮೇಲೆ ಸೋಮಮ್ಮನ ಮುಖ ನೋಡಿದಳು. ಅವಳು ಮತ್ತೆ ನಗಲಿಲ್ಲ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಸೀಸೆ ಮೂಸಿ, ಎಣ್ಣೆಯ ಒಂದು ಹನಿಯನ್ನು ಬಿಳಿ ಹತ್ತಿಯ ಮೇಲೆ ಉಜ್ಜಿ ನೋಡಿ, “ಇದರಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆಸಿರೋ ಹಾಗಿದೆ, ಕೆಲವರಿಗೆ ಒಗ್ಗಲ್ಲ” ಎಂದರು. ಸೋಮಮ್ಮ ಮಗನ ಧಾರೆಯ ಹೊತ್ತಿನಲ್ಲಿ ಮುಖ ಕಾಣದ ಹಾಗೆ ಸೆರಗೆಳೆದುಕೊಂಡು ನಿಂತಿದ್ದಳಂತೆ. ಆ ಮದುವೆಯ ಒಂದು ಫೋಟೋದಲ್ಲೂ ಅವಳಿಲ್ಲ.

ಆಸ್ಪತ್ರೆಗೆ ಹೋಗಿಬಂದ ಸಂಜೆಯೇ ನಿನಗೆ ಫೋನು ಮಾಡಿದೆ. ನೀನು ಹೇಳಿದ ಮಾತು ಇದು: “ಮಾರ್ಕೆಟಿಂಗ್ ಕಣಮ್ಮಾ ಅಲ್ಮಾಸು. ಕೆಂಪು ಕೂದ್ಲು ಆಕಿದ್ರೆ ಯಾವನ್ ತಗತಾನೆ? ಅಮ್ಮಿಗೇನ್ ಗೊತ್ತಾಯ್ತದೆ, ಅವ್ರು ಪಾಂಡವಪುರಕ್ಕೆ ಬಂದಾರಾ? ಬುಡು, ಸದ್ದಿಲ್ದಂಗೆ ಫೋಟ ಇಳಿಸ್ಬುಡ್ತೀನಿ.”

ಅಮ್ಮಿಗೇನು ಗೊತ್ತಾಗುತ್ತದೆ. ಪುಟ್ಟರಾಜು, ಕೂದಲಿಗೆ ಬಳಿದ ಕಪ್ಪಿಗಿಂತ ನನ್ನನ್ನು ಸುಟ್ಟದ್ದು ಈ ಮಾತು. ಫೋನಿನ ಸ್ಪೀಕರು ಆನ್ ಆಗಿತ್ತು, ಅವಳು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕಾಯಿ ಬಿಡಿಸುವುದನ್ನು ನಿಲ್ಲಿಸಿ, “ನಾಳಿಕ್ಕೆ ಪಾಂಡವಪುರದ ಬಸ್ಸು ಎಷ್ಟೊತ್ಗೇ?” ಎಂದು ಕೇಳಿದಳು.

ಮರುದಿನ ನಡೆದದ್ದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆಮ್ಮೆಪಟ್ಟ ಇನ್ನೊಂದು ದಿನವಿಲ್ಲ. ಮಂಡಿನೋವಿನ ಆ ಮುದುಕಿ ನನ್ನ ಭುಜ ಹಿಡಿದುಕೊಂಡು ಬಸ್ಸಿಳಿದು, ನಿನ್ನ ಫ್ಲೆಕ್ಸಿನ ಕೆಳಗೆ, ತನ್ನದೇ ಮುಖದ ಕೆಳಗೆ ಹೋಗಿ ನಿಂತಳು. ಕೆಂಪು ಜಡೆಯ ತುದಿಯನ್ನು ಸೆರಗಿನಿಂದ ಎಳೆದು ಎದೆಯ ಮೇಲೆ ಹಾಕಿಕೊಂಡಳು. ಪಕ್ಕದಲ್ಲಿ ಸೊಪ್ಪು ಮಾರುವ ಬೈರಮ್ಮ ಮೇಲೆ ನೋಡಿದಳು, ಕೆಳಗೆ ನೋಡಿದಳು, “ಅಯ್ ಶಿವನೇ! ಮ್ಯಾಲಿರೋ ಹರೇದವ್ಳು, ಕೆಳಗಿರೋ ಅಜ್ಜಿ, ಇಬ್ರೂ ಒಂದೇ ಮಖ ಕಣ್ರೋ!” ಎಂದು ಕೂಗಿದಳು. ಜನ ಸೇರಿತು.

“ಮಖ ನಂದೇ ಕಣವ್ವಾ, ತಲೆ ಯಾರ್ದೋ,” ಎಂದಳು ಅಮ್ಮಿ. “ಈ ಎಣ್ಣೆ ನಾನು ಕಾಯ್ಸಿದ್ದಲ್ಲ. ಬಿಳೀದು ಕಪ್ಪಾಯ್ತದೆ ಅಂತ ನಾನು ಯಾವತ್ತೂ ಯಾರ್ಗೂ ಅಂದೋಳಲ್ಲ. ನನ್ ಮಖ ನೋಡಿ ತಗಂಡಿದ್ರೆ ಹಚ್ಕಬೇಡಿ, ತಂದು ವಾಪಸ್ ಕೊಡಿ.”

ಯಾರೋ ಒಬ್ಬ ಕಿಚಾಯಿಸಿದ: “ಅಂಗಾರೆ ನಿಮ್ ಕೂದ್ಲು ಯಾಕಜ್ಜೀ ಕೆಂಪು? ಅದೂ ಬಣ್ಣಾನೇ ಅಲ್ವಾ?”

“ಊಂ ಕಣಪ್ಪಾ, ಬಣ್ಣಾನೇ. ನನ್ ಕೂದ್ಲು ಬಿಳಿ. ಬಣ್ಣ ಹಚ್ಚವ್ಳೆ ಅಂತ ನೋಡ್ದೇಟ್ಗೆ ನಿಂಗೆ ಗೊತ್ತಾಯ್ತಲ್ಲ? ಅದ್ಕೇ ಇದ್ನ ಹಚ್ಕಂಡಿರೋದು.”

ಕಿಚಾಯಿಸಿದವನೇ ಮೊದಲು ಚಪ್ಪಾಳೆ ತಟ್ಟಿದ. ನಾನು ಎಷ್ಟೋ ಪುಸ್ತಕ ಓದಿದ್ದೇನೆ, ಎಷ್ಟೋ ಭಾಷಣ ಕೇಳಿದ್ದೇನೆ. ಪ್ರಾಮಾಣಿಕತೆ ಎಂದರೇನು ಎಂದು ಇಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮತ್ತು ನೀನು? ನೀನು ಒಳಗೇ ಇದ್ದೆ. ಗಾಜಿನ ಬಾಗಿಲಿಗೆ ಮುಖ ತಾಗುವಷ್ಟು ಹತ್ತಿರ ನಿಂತು ನೋಡುತ್ತಿದ್ದೆ. ಅಮ್ಮಿಯೂ ನೋಡಿದಳು, ಕಾದಳು. ಹೊರಗೆ ಬಂದು ಒಂದು ಸ್ಟೂಲಾದರೂ ಹಾಕುತ್ತೀಯ ಎಂದು ನಾನೂ ಕಾದೆ. ನೀನು ಬಾಗಿಲ ಚಿಲಕ ಹಾಕಿಕೊಂಡೆ. ಆ ಸದ್ದು ನಮಗೆ ಕೇಳಿಸಿತು.

ಹಿಂದಿರುಗುವ ಬಸ್ಸಿನಲ್ಲಿ ಅವಳು ನಿನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಮಂಡಿ ನೀವಿಕೊಳ್ಳುತ್ತ, “ಅವ್ನ ಹಣೆ ಅಂಚು ನೋಡ್ದೇನೇ? ಚರ್ಮ ಎಲ್ಲಾ ಕಪ್ಪಿಟ್ಟೈತೆ. ಅದನ್ನೇ ಹಚ್ಕತಾವ್ನೆ, ಮುಠ್ಠಾಳ. ನವೆ ಇರ್ಬೇಕು. ನಿಲ್ಸು ಅಂತ ಏಳು” ಎಂದಳು. ಇಗೋ, ಹೇಳಿದ್ದೇನೆ. ಅದು ಅವಳ ಮಾತು, ನನ್ನದಲ್ಲ. ನಾನು ಅವಳಷ್ಟು ದೊಡ್ಡವಳಲ್ಲ.

ನೀನು ಸದ್ದಿಲ್ಲದೆ ಫೋಟೋ ಇಳಿಸುತ್ತೇನೆ ಎಂದೆಯಲ್ಲ, ಅದು ಬೇಡ. ಸದ್ದು ಮಾಡಿ ಹಾಕಿದ್ದನ್ನು ಸದ್ದು ಮಾಡಿಯೇ ಇಳಿಸಬೇಕು. ಎಷ್ಟು ಮನೆಗಳ ಬಚ್ಚಲಿನಲ್ಲಿ, ಎಷ್ಟು ಹೆಂಗಸರ ಗೋಡೆಗೂಡಿನಲ್ಲಿ ಅಮ್ಮಿಯ ಮುಖವಿರುವ ಆ ಸೀಸೆ ಕೂತಿದೆಯೋ ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಫ್ಲೆಕ್ಸು ಹರಿದರೆ ಅವರಿಗೆ ತಿಳಿಯುವುದಿಲ್ಲ. ಅವರು ಇನ್ನೂ ಅವಳನ್ನು ನಂಬಿಕೊಂಡೇ ಹಚ್ಚಿಕೊಳ್ಳುತ್ತಾರೆ.

ಅಮ್ಮಿ ನಮಾಜಿನ ನಂತರ ಬೇಡಿಕೊಳ್ಳುವ ದುಆದಲ್ಲಿ ನಿನ್ನ ಹೆಸರನ್ನು ಇನ್ನೂ ಬಿಟ್ಟಿಲ್ಲ. ಅರ್ಪಿತಳ ಹೆಸರೂ ಇದೆ. ಬಿಡು ಎಂದು ನಾನೂ ಹೇಳಿಲ್ಲ. ನಿನಗೆ ಆಯುಸ್ಸು, ಆರೋಗ್ಯ, ಮತ್ತು ಎಲ್ಲರೆದುರು ನಿಂತು ಮಾತಾಡುವ ಧೈರ್ಯ ಸಿಗಲಿ.

ಬರುವ ಸಂತೆಯ ದಿನ, ಅದೇ ಅಂಗಡಿಯ ಮುಂದೆ, ಉದ್ಘಾಟನೆಗೆ ತರಿಸಿದ್ದ ಅದೇ ಮೈಕನ್ನು ಹಿಡಿದು ನೀನು ಮಾತಾಡಬೇಕು. ನಾನು ಬರುತ್ತೇನೆ, ಅಮ್ಮಿ ಬರುತ್ತಾಳೆ, ಸೋಮಮ್ಮನೂ ಬರುತ್ತೇನೆ ಎಂದಿದ್ದಾಳೆ. ಆ ಕೂದಲು ಯಾರದು? ಆ ಎಣ್ಣೆ ಯಾರದು? ಆ ಸೀಸೆಯೊಳಗೆ ನೀನು ಬೆರೆಸಿರುವುದೇನು? ನನಗೆ ಕಾಗದ ಬರೆಯಬೇಡ, ಫೋನು ಮಾಡಬೇಡ. ಸೋಮಮ್ಮನ ಮುಖ ನೋಡಿಕೊಂಡು, ಸಂತೆಗೆಲ್ಲ ಕೇಳುವ ಹಾಗೆ ಹೇಳು.

ನಿನ್ನ ಉತ್ತರಕ್ಕೆ ಬೀದಿಯಲ್ಲೇ ಕಾಯುವ,
ಮೆಹಬೂಬ್ ಬೀ ಮಗಳು
ಅಲ್ಮಾಸ್